ಮೊದಲ ಹೆಣಿಗೆಗೆ ಯಾವ ಉಲ್ಲನ್, ಯಾವ ಪ್ಯಾಟರ್ನ್?

ಉಲ್ಲನ್ ಅಂಗಡಿಗೆ ಹೋಗಿ ‘ಮಫ್ಲರ್ ಹೆಣೀಬೇಕು, ಉಲ್ಲನ್ ಕೊಡಿ’ ಅಂದರೆ ಅಂಗಡಿಯವರು ಮೂರು ಪ್ರಶ್ನೆ ಕೇಳುತ್ತಾರೆ: ಎಷ್ಟು ಪ್ಲೈ? ಎಷ್ಟು ಗ್ರಾಂ? ಕಡ್ಡಿ ಎಷ್ಟನೇ ನಂಬರು? ವಿಡಿಯೋ ನೋಡಿ ಎರಡೇ ದಿನದಲ್ಲಿ ಹೆಣೆಯಲು ಕಲಿತವರೂ ಇಲ್ಲಿ ತಡವರಿಸಿ, ಚೆಂದ ಕಂಡ ಬಣ್ಣವೊಂದನ್ನು ಎತ್ತಿಕೊಂಡು ಬಂದುಬಿಡುತ್ತಾರೆ. ತಿಂಗಳ ಮೇಲೆ ಆ ಉಲ್ಲನ್ ಅರ್ಧ ಹೆಣೆದ ಕಡ್ಡಿಯ ಸಮೇತ ಬೀರುವಿನ ಮೂಲೆ ಸೇರಿರುತ್ತದೆ. ‘ಇದು ನನ್ನ ಕೈಗೆ ಒಗ್ಗಲ್ಲ’ ಅನ್ನುವವರಲ್ಲಿ ಹೆಚ್ಚಿನವರ ಕೈಯಲ್ಲಿ ದೋಷವಿರುವುದಿಲ್ಲ. ಕುಣಿಕೆಯೇ ಕಣ್ಣಿಗೆ ಕಾಣದ ನೂಲು, ಇಲ್ಲವೇ ಒಂದಿಂಚು ಹೆಚ್ಚುಕಡಿಮೆಯಾದರೂ ಕೆಡುವ ಪ್ಯಾಟರ್ನ್ (ಹೇಗೆ ಹೆಣೆಯಬೇಕೆಂದು ಸಾಲುಸಾಲಾಗಿ ಬರೆದ ಸೂಚನೆ), ಎರಡರಲ್ಲಿ ಒಂದು ಗಂಟುಬಿದ್ದಿರುತ್ತದೆ.

ಇಲ್ಲಿ ಹೇಳುತ್ತಿರುವುದು ಎರಡು ಕಡ್ಡಿಯ ನಿಟ್ಟಿಂಗ್ ಬಗ್ಗೆ. ಒಂದೇ ಕೊಕ್ಕೆಯಲ್ಲಿ ಮಾಡುವ ಕ್ರೋಶಾದ ಲೆಕ್ಕ ಬೇರೆ.

ಇರುವುದು ಎರಡೇ ಕುಣಿಕೆ

ಕಡ್ಡಿಯ ಮೇಲೆ ಕೂತಿರುವ ಒಂದೊಂದು ನೂಲಿನ ಉರುಳಿಗೂ ಕುಣಿಕೆ ಎನ್ನೋಣ. ಹಳೆಯ ಕುಣಿಕೆಯೊಳಗಿಂದ ಹೊಸ ಕುಣಿಕೆಯನ್ನು ಎಳೆದು ತರುವುದೇ ಹೆಣಿಗೆ. ನೂಲು ಹಿಂದೆ ಇಟ್ಟುಕೊಂಡು ಎಳೆದರೆ ನಿಟ್, ಮುಂದೆ ಇಟ್ಟುಕೊಂಡು ಎಳೆದರೆ ಪರ್ಲ್. ಒಂದರ ಬೆನ್ನೇ ಇನ್ನೊಂದು: ನಿಟ್ ಈ ಬದಿಯಿಂದ ‘ವಿ’ ಆಕಾರದಲ್ಲಿ ಕಂಡರೆ ಆ ಬದಿಯಿಂದ ಸಣ್ಣ ಉಬ್ಬಾಗಿ ಕಾಣುತ್ತದೆ.

ಎಲ್ಲ ಸಾಲೂ ನಿಟ್ ಮಾಡಿದರೆ ಗಾರ್ಟರ್ ಹೆಣಿಗೆ. ಎರಡೂ ಬದಿ ಒಂದೇ ಥರ ಉಬ್ಬು ಸಾಲು ಬರುತ್ತದೆ, ಬಟ್ಟೆ ಚಪ್ಪಟೆಯಾಗಿ ಮಲಗುತ್ತದೆ. ಒಂದು ಸಾಲು ನಿಟ್, ಒಂದು ಸಾಲು ಪರ್ಲ್ ಮಾಡಿದರೆ ಸ್ಟಾಕಿಂಗ್ ಹೆಣಿಗೆ. ಅಂಗಡಿಯ ಸ್ವೆಟರ್‌ನ ನುಣುಪು ಮುಖ ಇದೇ. ಒಂದೇ ಸಾಲಿನಲ್ಲಿ ಎರಡು ನಿಟ್, ಎರಡು ಪರ್ಲ್ ಎಂದು ಹೋದರೆ ರಿಬ್, ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ಪಟ್ಟಿ.

ಸ್ಟಾಕಿಂಗ್ ಹೆಣಿಗೆಯಲ್ಲಿ ಹೊಸಬರು ಮೋಸಹೋಗುವುದುಂಟು. ಉಬ್ಬೆಲ್ಲ ಒಂದೇ ಬದಿಗೆ ಸೇರುವುದರಿಂದ ಎರಡು ಮುಖಗಳ ಎಳೆತ ಸಮನಾಗಿರುವುದಿಲ್ಲ. ಅಕ್ಕಪಕ್ಕದ ಅಂಚು ಹಿಂದಕ್ಕೆ ಸುರುಳಿ ಸುತ್ತುತ್ತದೆ, ಮೇಲಿನ ಮತ್ತು ಕೆಳಗಿನ ಅಂಚು ಮುಂದಕ್ಕೆ. ಬರೀ ಸ್ಟಾಕಿಂಗ್ ಹೆಣಿಗೆಯಲ್ಲಿ ಮಫ್ಲರ್ ಹೆಣೆದರೆ ಅದು ಕೊಳವೆಯಾಗುತ್ತದೆ, ಒಗೆದು ಹರವಿದರೂ ಸರಿಹೋಗುವುದಿಲ್ಲ. ಫೋಟೋದಲ್ಲಿ ನುಣ್ಣಗೆ ಕಾಣುವ ಮಫ್ಲರ್ ಪ್ಯಾಟರ್ನ್ ಆರಿಸುವ ಮುನ್ನ ಅದರ ಅಂಚಿನಲ್ಲಿ ನಾಲ್ಕೈದು ಕುಣಿಕೆಯಷ್ಟಾದರೂ ಗಾರ್ಟರ್ ಇದೆಯೇ ನೋಡಿ.

ಪ್ಲೈ ಅಂದರೆ ದಪ್ಪವಲ್ಲ

ಪ್ಲೈ ಅಂದರೆ ಎಳೆ. ತೆಂಗಿನ ನಾರಿನ ಹಗ್ಗ ನೆನಪಿಸಿಕೊಳ್ಳಿ: ಮೂರು ಸಣ್ಣ ಎಳೆ ಹುರಿಮಾಡಿದ ಹಗ್ಗಕ್ಕಿಂತ ಒಂದೇ ದಪ್ಪ ಎಳೆಯ ಹಗ್ಗ ದಪ್ಪವಿರಬಹುದು. ಉಲ್ಲನ್ನೂ ಹಾಗೇ. ಒಂದು ಕಾಲಕ್ಕೆ ಬ್ರಿಟನ್ನಿನಲ್ಲಿ ಎಳೆಗಳು ಹೆಚ್ಚುಕಡಿಮೆ ಒಂದೇ ದಪ್ಪ ಇರುತ್ತಿದ್ದುದರಿಂದ ಎಳೆಯ ಸಂಖ್ಯೆಯೇ ದಪ್ಪದ ಅಳತೆಯಾಯಿತು, ಆ ಹೆಸರು ನಮ್ಮ ಅಂಗಡಿಗಳಲ್ಲೂ ಉಳಿದಿದೆ. ಆದರೆ ಒಂದು ಕಂಪನಿಯ 4 ಪ್ಲೈ ಇನ್ನೊಂದರಷ್ಟೇ ದಪ್ಪ ಇರುತ್ತದೆ ಅನ್ನುವಂತಿಲ್ಲ.

ಅದಕ್ಕೇ ಅಮೆರಿಕದ ಕ್ರಾಫ್ಟ್ ಯಾರ್ನ್ ಕೌನ್ಸಿಲ್ ದಪ್ಪಕ್ಕೆ 0ರಿಂದ 7ರವರೆಗೆ ಅಂಕಿ ಕೊಟ್ಟಿದೆ. ಹೊಸಬರಿಗೆ ಇದರಲ್ಲಿ ಮೂರು ಸಾಕು. 1 ಅಂದರೆ ಕಾಲುಚೀಲದ ತೆಳು ನೂಲು, ಬ್ರಿಟನ್ನಿನ 4 ಪ್ಲೈ ಸುಮಾರಾಗಿ ಇಲ್ಲಿಗೆ ಬರುತ್ತದೆ. ಸ್ಟಾಕಿಂಗ್ ಹೆಣಿಗೆಯಲ್ಲಿ 10 ಸೆಂಟಿಮೀಟರಿಗೆ 27ರಿಂದ 32 ಕುಣಿಕೆ. 3 ಅಂದರೆ ಡಿಕೆ (ಡಬಲ್ ನಿಟ್ಟಿಂಗ್), ಹಳೆಯ ಲೆಕ್ಕದ 8 ಪ್ಲೈ, 21ರಿಂದ 24 ಕುಣಿಕೆ. 4 ಅಂದರೆ ವರ್ಸ್ಟೆಡ್, 10 ಪ್ಲೈ, 16ರಿಂದ 20 ಕುಣಿಕೆ, ಕಡ್ಡಿ 4.5ರಿಂದ 5.5 ಮಿಲಿಮೀಟರ್. ಮೊದಲ ಹೆಣಿಗೆಗೆ 4ನೇ ಅಂಕಿಯದ್ದೇ ಸರಿ. ಬೇಗ ಮುಗಿಯುತ್ತದೆಂದು ಹೆಬ್ಬೆರಳು ದಪ್ಪದ ನೂಲು ಹಿಡಿಯುವವರಿದ್ದಾರೆ. ದಪ್ಪ ಕಡ್ಡಿ ಹಿಡಿದು ಕೈ ಸೋಲುತ್ತದೆ, ಒಂದು ಕುಣಿಕೆ ತಪ್ಪಿದರೂ ಎದ್ದು ಕಾಣುತ್ತದೆ. ತೀರಾ ತೆಳುವಾದರೆ ಒಂದು ಗಂಟೆ ಹೆಣೆದರೂ ಎರಡು ಬೆರಳಗಲ ಏರುವುದಿಲ್ಲ.

ನಮ್ಮೂರ ಅಂಗಡಿಯಲ್ಲಿ ಬರೀ ತೆಳು ಉಲ್ಲನ್ ಸಿಕ್ಕರೆ ಎರಡು ಉಂಡೆಯ ಎಳೆ ಜೋಡಿಸಿ ಒಂದೇ ನೂಲಿನಂತೆ ಹೆಣೆಯಬಹುದು. ಎರಡು ಎಳೆ 4 ಪ್ಲೈ ಸೇರಿದರೆ ಸುಮಾರು ಡಿಕೆ ದಪ್ಪ. ಆದರೆ ಕಡ್ಡಿ ಎರಡೂ ಎಳೆಯನ್ನು ಹಿಡಿದಿದೆಯೇ ಎಂದು ಪ್ರತಿ ಕುಣಿಕೆಯಲ್ಲೂ ನೋಡಬೇಕಾಗುತ್ತದೆ.

ಲೇಬಲ್ ಇಲ್ಲದೆ ತೂಕಕ್ಕೆ ಮಾರುವ ನೂಲಿನ ದಪ್ಪ ಅಳೆಯಲು ಸ್ಕೇಲೊಂದು ಸಾಕು. ಸ್ಕೇಲಿನ ಮೇಲೆ ನೂಲನ್ನು ಒತ್ತದೆ, ಎಳೆಯದೆ, ಪಕ್ಕಪಕ್ಕಕ್ಕೆ ಸುತ್ತಿ ಒಂದಿಂಚಿನಲ್ಲಿ ಎಷ್ಟು ಸುತ್ತು ಕೂತವು ಎಣಿಸಿ. 9ರಿಂದ 12 ಆದರೆ ವರ್ಸ್ಟೆಡ್, 14 ದಾಟಿದರೆ ತೆಳು ನೂಲಿನ ಕಡೆಗೆ.

8ನೇ ನಂಬರು ಎಂದರೆ ಯಾವ 8?

ಭಾರತದ ಅಂಗಡಿಗಳಲ್ಲಿ ಕಡ್ಡಿಯ ನಂಬರು ಹಳೆಯ ಬ್ರಿಟಿಷ್ ಕ್ರಮದ್ದು. ನಂಬರು ಏರಿದಷ್ಟೂ ಕಡ್ಡಿ ತೆಳು: 10 ಅಂದರೆ 3.25 ಮಿಲಿಮೀಟರ್, 8 ಅಂದರೆ 4, 7 ಅಂದರೆ 4.5, 6 ಅಂದರೆ 5. ಅಮೆರಿಕದ ಕ್ರಮ ತಿರುಗುಮುರುಗು, ನಂಬರು ಏರಿದಷ್ಟೂ ದಪ್ಪ: ಅಲ್ಲಿಯ 6 ಅಂದರೆ 4 ಮಿಲಿಮೀಟರ್, 8 ಅಂದರೆ 5, 10 ಅಂದರೆ 6.

ಅಮೆರಿಕದ ಪ್ಯಾಟರ್ನ್ ‘10ನೇ ನಂಬರಿನ ಕಡ್ಡಿ’ ಎಂದಿದ್ದಕ್ಕೆ ನಮ್ಮ ಅಂಗಡಿಯ 10 ತಂದರೆ 6 ಮಿಲಿಮೀಟರ್ ಇರಬೇಕಾದ ಕಡೆ 3.25 ಬರುತ್ತದೆ. ಟೋಪಿ ಗೊಂಬೆಗೆ ಆಗುತ್ತದೆ. ಡೆನ್ವರ್‌ನಲ್ಲಿರುವ ಮಗಳು ಕಳಿಸಿದ ಪ್ಯಾಟರ್ನನ್ನು ದಾವಣಗೆರೆಯಲ್ಲಿ ಅಮ್ಮ ಹೆಣೆಯುವಾಗ ಆಗುವ ಎಡವಟ್ಟು ಇದೇ. ನಂಬರು ಮರೆತು ಮಿಲಿಮೀಟರ್ ಮಾತ್ರ ಕೇಳಿ. ಹೆಚ್ಚಿನ ಕಡ್ಡಿಗಳ ತಲೆಯ ಮೇಲೋ ಪ್ಯಾಕೆಟ್ಟಿನ ಮೇಲೋ ಅದು ಅಚ್ಚಾಗಿರುತ್ತದೆ.

ಮೊದಲ ಜೊತೆ 5 ಮಿಲಿಮೀಟರಿನ ಬಿದಿರು ಅಥವಾ ಮರದ ಕಡ್ಡಿಯಾಗಿರಲಿ. ಲೋಹದ ಕಡ್ಡಿ ಜಾರುತ್ತದೆ, ಪಳಗಿದ ಕೈಗೆ ಆ ಜಾರು ವೇಗ ಕೊಡುತ್ತದೆ, ಹೊಸ ಕೈಯಿಂದ ಕುಣಿಕೆ ಉದುರಿಸುತ್ತದೆ.

ಯಾವ ನಾರು?

ಕುರಿ ಉಣ್ಣೆ ಕಲಿಯಲು ಎಲ್ಲಕ್ಕಿಂತ ಸುಲಭ, ಏಕೆಂದರೆ ಅದು ಹಿಗ್ಗಿ ಮತ್ತೆ ಕುಗ್ಗುತ್ತದೆ. ಒಂದು ಕುಣಿಕೆ ಬಿಗಿ, ಪಕ್ಕದ್ದು ಸಡಿಲ ಇದ್ದರೂ ಒಗೆದ ಮೇಲೆ ಹೊಂದಿಕೊಂಡು ಸಮನಾಗುತ್ತವೆ. ತೊಂದರೆ ಇರುವುದು ಒಗೆತದಲ್ಲಿ. ಉಣ್ಣೆಯ ಎಳೆಯ ಮೇಲೆ ಮನೆಯ ಹೆಂಚಿನಂತೆ ಒಂದರ ಮೇಲೊಂದು ಕೂತ ಸಣ್ಣ ಪದರಗಳಿರುತ್ತವೆ. ಬಿಸಿನೀರು, ಸೋಪು, ಉಜ್ಜಾಟ ಮೂರೂ ಸೇರಿದರೆ ಆ ಪದರಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಬಿಡಿಸಲಾಗದು. ‘ಸೂಪರ್‌ವಾಶ್’ ಎಂದು ಬರೆದ ಉಣ್ಣೆಯಲ್ಲಿ ಆ ಪದರಗಳು ಕಚ್ಚಿಕೊಳ್ಳದಂತೆ ಮಾಡಿರುತ್ತಾರೆ, ಮೆಷಿನ್ನಿಗೂ ಹಾಕಬಹುದು.

ಉಣ್ಣೆ ಅಂದ ತಕ್ಷಣ ನಮಗೆ ಚಳ್ಳಕೆರೆ ಕಡೆಯ ಕಂಬಳಿ ನೆನಪಾಗುತ್ತದೆ. ಅದು ದಖನಿ ಕುರಿಯ ಒರಟು ಉಣ್ಣೆ, ಮಗ್ಗದಲ್ಲಿ ನೇಯುವುದಕ್ಕೆ ಹೇಳಿಮಾಡಿಸಿದ್ದು. ಕೊರಳಿಗೆ ಸುತ್ತುವ ಮಫ್ಲರ್‌ಗೆ ಚುಚ್ಚುತ್ತದೆ. ಮೆರಿನೋ ಕುರಿಯ ಎಳೆ ಬಹಳ ಸಣ್ಣ, ಅದಕ್ಕೇ ಮೆತ್ತಗೆ, ಅದಕ್ಕೇ ದುಬಾರಿ.

ನಮ್ಮಲ್ಲಿ ‘ಉಲ್ಲನ್’ ಎಂದು ಮಾರುವುದರಲ್ಲಿ ಬಹುಪಾಲು ಅಕ್ರಿಲಿಕ್. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ: ಅಗ್ಗ, ಬಣ್ಣ ಹೇರಳ, ಬಿಚ್ಚಿ ಬಿಚ್ಚಿ ಹೆಣೆದರೂ ತಡೆಯುತ್ತದೆ, ಕಲಿಯುವ ಕೈಗೆ ಬೇಕಾದ್ದೇ ಅದು. ಇಸ್ತ್ರಿ ಮಾತ್ರ ತಾಗಿಸಬೇಡಿ. ಅಕ್ರಿಲಿಕ್ ಒಂದು ಬಗೆಯ ಪ್ಲಾಸ್ಟಿಕ್, ಶಾಖಕ್ಕೆ ಕರಗಿ ಜೋತುಬೀಳುತ್ತದೆ, ರಿಬ್ಬಿನ ಹಿಗ್ಗುಕುಗ್ಗು ಸತ್ತೇಹೋಗುತ್ತದೆ.

ಹತ್ತಿ ನೂಲು ಬೆವರು ಹೀರುತ್ತದೆ, ಬೆಂಗಳೂರು, ಮೈಸೂರಿನ ಹವೆಗೆ ಚೆನ್ನ. ಆದರೆ ಅದಕ್ಕೆ ಹಿಗ್ಗುವ ಗುಣವಿಲ್ಲ. ಬಿಗಿಯಾಗಿ ಹೆಣೆಯುವವರಿಗೆ ಬೆರಳು ನೋಯುತ್ತದೆ, ಹತ್ತಿಯ ರಿಬ್ ನಾಲ್ಕು ದಿನಕ್ಕೆ ಸಡಿಲ. ಚಪ್ಪಟೆ ಬಟ್ಟೆಗೆ ಸರಿ, ಟೋಪಿಗೆ ಅಷ್ಟಕ್ಕಷ್ಟೆ. ರೇಷ್ಮೆಯನ್ನು ಸದ್ಯಕ್ಕೆ ಬಿಡಿ, ಜಾರುತ್ತದೆ ಮತ್ತು ಪ್ರತಿ ತಪ್ಪನ್ನೂ ಹೊಳಪಿನಲ್ಲಿ ತೋರಿಸುತ್ತದೆ.

ಅಂಗಡಿಯವರು ‘ಶುದ್ಧ ಉಣ್ಣೆ’ ಎಂದದ್ದು ಹೌದೋ ಅಲ್ಲವೋ ತಿಳಿಯಲು ಮನೆಯಲ್ಲೇ ಒಂದು ಪರೀಕ್ಷೆಯಿದೆ. ನೀರು ಹಾಕಿದ ಸ್ಟೀಲ್ ತಟ್ಟೆಯ ಮೇಲೆ ಒಂದು ಬೆರಳುದ್ದ ನೂಲನ್ನು ಚಿಮಟದಲ್ಲಿ ಹಿಡಿದು ತುದಿಗೆ ಬೆಂಕಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕಾಗದದಂತೆ ಉರಿದರೆ ಹತ್ತಿ. ಕರಗಿ ಕಪ್ಪು ಗಟ್ಟಿ ಮಣಿಯಾದರೆ ಅಕ್ರಿಲಿಕ್ಕೋ ಇನ್ಯಾವುದೋ ಸಿಂಥೆಟಿಕ್ಕೋ.

ಬಣ್ಣ, ಹುರಿ, ಲಾಟ್

ತಿಳಿ ಬಣ್ಣ, ಒಂದೇ ಬಣ್ಣ. ಕಪ್ಪು, ಕಡುನೀಲಿಯಲ್ಲಿ ಸಂಜೆ ದೀಪದ ಬೆಳಕಿಗೆ ಕುಣಿಕೆ ಕಾಣುವುದಿಲ್ಲ. ಬಣ್ಣ ಬದಲಾಯಿಸುತ್ತ ಹೋಗುವ ನೂಲಿನಲ್ಲಿ ಕಣ್ಣು ಬಣ್ಣದ ಹಿಂದೆ ಹೋಗುತ್ತದೆ, ತಪ್ಪು ಹತ್ತು ಸಾಲು ದಾಟಿದ ಮೇಲೆ ತಿಳಿಯುತ್ತದೆ. ಮೊಹೇರ್‌ನಂಥ ರೋಮ ಎದ್ದ ನೂಲು, ವೆಲ್ವೆಟ್ಟಿನಂಥ ಶೆನೀಲ್ ಕೈಗೆ ಸುಖವೇ, ಆದರೆ ಬಿಚ್ಚಲು ಹೋದರೆ ರೋಮ ರೋಮಕ್ಕೆ ಸಿಕ್ಕಿಕೊಳ್ಳುತ್ತದೆ. ಹೆಣಿಗೆ ಕಲಿಯುವವರು ಹೆಣೆದಷ್ಟೇ ಬಿಚ್ಚುತ್ತಾರೆ, ಅದಕ್ಕೆ ಬಿಚ್ಚಲು ಬಾರದ ನೂಲು ಬೇಡ.

ಹುರಿ ನೋಡಲು ನೂಲಿನ ತುದಿಯನ್ನು ಕಡ್ಡಿಯ ಮೊನೆಯಿಂದ ಮೀಟಿ. ಎಳೆಗಳು ಸುಲಭವಾಗಿ ಸೀಳಿದರೆ ಹೆಣೆಯುವಾಗಲೂ ಸೀಳುತ್ತವೆ. ಕಡ್ಡಿ ಕುಣಿಕೆಯೊಳಗೆ ಹೋಗದೆ ನೂಲಿನೊಳಗೆ ಹೋಗುತ್ತದೆ.

ಲೇಬಲ್ ಮೇಲೆ ಬಣ್ಣದ ನಂಬರಿನ ಜೊತೆ ಲಾಟ್ ನಂಬರೂ ಇರುತ್ತದೆ, ಒಂದೇ ಬಾರಿಗೆ ಬಣ್ಣದಲ್ಲಿ ಅದ್ದಿದ ನೂಲಿನ ಗುರುತು ಅದು. ಬಣ್ಣ ಒಂದೇ ಇದ್ದು ಲಾಟ್ ಬೇರೆಯಾದರೆ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ವ್ಯತ್ಯಾಸ ಕಾಣದು, ಬಿಸಿಲಿನಲ್ಲಿ ಮಫ್ಲರ್ ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಒಂದು ಉಂಡೆ ಹೆಚ್ಚೇ ತನ್ನಿ. ಬೇರೆ ಲಾಟ್ ಬಳಸಲೇಬೇಕಾಗಿ ಬಂದರೆ ಎರಡೆರಡು ಸಾಲಿಗೊಮ್ಮೆ ಉಂಡೆ ಬದಲಿಸುತ್ತ ಹೋದರೆ ಗೆರೆ ಕಾಣುವುದಿಲ್ಲ.

ಲೆಕ್ಕ ಗ್ರಾಮಿನದ್ದಲ್ಲ, ಮೀಟರಿನದ್ದು. ಒಂದೇ ದಪ್ಪದ ಹತ್ತಿ ನೂಲು ಅಕ್ರಿಲಿಕ್‌ಗಿಂತ ಭಾರ, ಹಾಗಾಗಿ ಅದೇ 100 ಗ್ರಾಮಿಗೆ ಕಡಿಮೆ ಉದ್ದ ಸಿಗುತ್ತದೆ. ಪ್ಯಾಟರ್ನಿನಲ್ಲಿ 120 ಮೀಟರಿನ 50 ಗ್ರಾಂ ಉಂಡೆ 3 ಬೇಕು ಎಂದಿದ್ದರೆ ಬೇಕಾದ್ದು 360 ಮೀಟರ್. ನಿಮಗೆ ಸಿಕ್ಕಿದ್ದು 200 ಮೀಟರಿನ 100 ಗ್ರಾಂ ಉಂಡೆಯಾದರೆ ಎರಡು ಸಾಕು.

ಪ್ಯಾಟರ್ನಿನಲ್ಲಿ ಮೊದಲು ನೋಡಬೇಕಾದ್ದು ಗೇಜ್

ಮಲ್ಲಿಗೆ ಮೊಗ್ಗು ನೂರು ಕೊಟ್ಟು ಇಬ್ಬರಿಗೆ ಕಟ್ಟಲು ಹೇಳಿ. ಒಬ್ಬರು ಒತ್ತಾಗಿ ಕಟ್ಟಿ ಒಂದು ಮೊಳ ಮಾಡುತ್ತಾರೆ, ಇನ್ನೊಬ್ಬರು ಬಿಡಿಬಿಡಿಯಾಗಿ ಕಟ್ಟಿ ಒಂದೂವರೆ ಮೊಳ. ಹೆಣಿಗೆಯಲ್ಲಿ ಈ ಒತ್ತು-ಬಿಡಿಯ ಅಳತೆಗೆ ಗೇಜ್ ಎನ್ನುತ್ತಾರೆ, ಬ್ರಿಟಿಷ್ ಪ್ಯಾಟರ್ನುಗಳಲ್ಲಿ ಟೆನ್ಷನ್ ಎಂದಿರುತ್ತದೆ: 10 ಸೆಂಟಿಮೀಟರಿನಲ್ಲಿ ಎಷ್ಟು ಕುಣಿಕೆ, ಎಷ್ಟು ಸಾಲು.

10 ಸೆಂಟಿಮೀಟರಿಗೆ 18 ಕುಣಿಕೆ ಎಂದಿರುವ ಪ್ಯಾಟರ್ನಿನಲ್ಲಿ 90 ಕುಣಿಕೆ ಹಾಕಿದರೆ 50 ಸೆಂಟಿಮೀಟರ್ ಸುತ್ತಳತೆ ಬರುತ್ತದೆ. ನಿಮ್ಮ ಕೈ ಬಿಗಿಯಾಗಿ 20 ಕುಣಿಕೆ ಬಂದರೆ ಅದೇ 90 ಕುಣಿಕೆಗೆ 45 ಸೆಂಟಿಮೀಟರ್. ಸಡಿಲವಾಗಿ 16 ಬಂದರೆ 56. ಒಂದು ಕುಣಿಕೆಯೂ ತಪ್ಪದೆ ಟೋಪಿ ಹಾಳು.

ಅದಕ್ಕೇ ಮೊದಲೊಂದು ತುಂಡು ಹೆಣೆದು ನೋಡುವುದು. 28 ಕುಣಿಕೆ ಹಾಕಿ, ಪ್ಯಾಟರ್ನ್ ಹೇಳಿದ ಹೆಣಿಗೆಯಲ್ಲೇ 15 ಸೆಂಟಿಮೀಟರ್ ಎತ್ತರ ಹೆಣೆದು, ಒಗೆದು ಒಣಗಿಸಿ, ಅಂಚು ಬಿಟ್ಟು ನಡುವಿನ 10 ಸೆಂಟಿಮೀಟರಿನಲ್ಲಿ ಎಣಿಸಿ. ಕುಣಿಕೆ ಹೆಚ್ಚು ಬಂದರೆ ಕಡ್ಡಿ ಅರ್ಧ ಮಿಲಿಮೀಟರ್ ದಪ್ಪ ಮಾಡಿ, ಕಡಿಮೆ ಬಂದರೆ ತೆಳು ಮಾಡಿ. ಕೈಯನ್ನು ಬಲವಂತವಾಗಿ ಬಿಗಿ ಅಥವಾ ಸಡಿಲ ಮಾಡಲು ಹೋಗಬೇಡಿ, ಹತ್ತು ಸಾಲು ದಾಟುವಷ್ಟರಲ್ಲಿ ಅದು ತನ್ನ ಹದಕ್ಕೆ ಮರಳಿರುತ್ತದೆ.

ಪ್ಯಾಟರ್ನುಗಳ ದೊಡ್ಡ ಭಂಡಾರ 2007ರಲ್ಲಿ ಶುರುವಾದ ರಾವೆಲ್ರಿ ಜಾಲತಾಣ. ಉಚಿತ, ನೂಲಿನ ದಪ್ಪ, ಬೇಕಾದ ಮೀಟರ್, ಎಲ್ಲದರಿಂದಲೂ ಸೋಸಿ ಹುಡುಕಬಹುದು. ‘ಸುಲಭ’ ಎಂಬ ಮಾತನ್ನು ಮಾತ್ರ ನಂಬಬೇಡಿ. ಪ್ಯಾಟರ್ನನ್ನು ಕೊನೆಯವರೆಗೆ ಓದಿ, ನಿಮಗೆ ಗೊತ್ತಿಲ್ಲದ ಕೆಲಸ ಎಷ್ಟಿವೆ ಎಣಿಸಿ. ಒಂದಿದ್ದರೆ ತೆಗೆದುಕೊಳ್ಳಿ, ಮೂರಿದ್ದರೆ ಮುಂದಿನ ವರ್ಷಕ್ಕೆ ಇಡಿ.

ಹೆಣೆಯುವ ಸರದಿ

ಎಲ್ಲರೂ ಮೊದಲು ಮಫ್ಲರ್ ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿ: 20 ಸೆಂಟಿಮೀಟರ್ ಅಗಲಕ್ಕೆ 36 ಕುಣಿಕೆ, 150 ಸೆಂಟಿಮೀಟರ್ ಉದ್ದಕ್ಕೆ ಗಾರ್ಟರ್‌ನಲ್ಲಿ ಸುಮಾರು 540 ಸಾಲು. ಒಟ್ಟು 19,000 ದಾಟುತ್ತದೆ. ಬೇಸರ ಬರದೆ ಇನ್ನೇನು? ಮೊದಲು ಅಡುಗೆಮನೆಯ ಒರೆಸುಬಟ್ಟೆ ಹೆಣೆಯಿರಿ. 50 ಗ್ರಾಂ ಮಧ್ಯಮ ದಪ್ಪದ ಹತ್ತಿ ನೂಲು, 4.5ರಿಂದ 5 ಮಿಲಿಮೀಟರಿನ ಕಡ್ಡಿ, 40 ಕುಣಿಕೆ, 80 ಸಾಲು ಗಾರ್ಟರ್. ಗಾರ್ಟರ್‌ನಲ್ಲಿ ಎರಡು ಸಾಲಿಗೆ ಒಂದು ಉಬ್ಬು, ಒಂದು ಉಬ್ಬಿನ ಎತ್ತರ ಸುಮಾರು ಒಂದು ಕುಣಿಕೆಯ ಅಗಲ. ಹಾಗಾಗಿ 40 ಉಬ್ಬು ಬಂದಾಗ ಬಟ್ಟೆ ತಾನಾಗಿ ಚೌಕವಾಗಿರುತ್ತದೆ. ಬರೀ 3,200 ಕುಣಿಕೆ. ಅಳತೆ ತಪ್ಪಿದರೂ ಕಟ್ಟೆ ಒರೆಸಲು ಅಡ್ಡಿಯಿಲ್ಲ.

ಇಲ್ಲಿ ಆಗುವ ತಪ್ಪು ಬಹುತೇಕ ಒಂದೇ: 40 ಇದ್ದದ್ದು 43, 47 ಆಗುತ್ತ ಬಟ್ಟೆ ಅಗಲವಾಗುತ್ತದೆ. ಸಾಲು ಶುರುಮಾಡುವಾಗ ನೂಲು ಕಡ್ಡಿಯ ಮೇಲಿಂದ ಹಿಂದಕ್ಕೆ ಹೋಗಿದ್ದರೆ ಮೊದಲ ಕುಣಿಕೆಯ ಎರಡು ಕಾಲು ಎರಡು ಕುಣಿಕೆಯಂತೆ ಕಾಣುತ್ತವೆ, ಎರಡನ್ನೂ ಹೆಣೆದುಬಿಡುತ್ತೀರಿ. ಸಾಲಿನ ಮೊದಲು ನೂಲನ್ನು ಕಡ್ಡಿಯ ಕೆಳಗಿಂದ ಹಿಂದಕ್ಕೆ ತನ್ನಿ, ಸಾಲಿನ ಕೊನೆಗೆ ಎಣಿಸಿ.

ಎರಡನೆಯದಾಗಿ ಮಫ್ಲರ್, ವರ್ಸ್ಟೆಡ್ 350ರಿಂದ 400 ಮೀಟರ್. ಹೊಸ ಉಂಡೆಯನ್ನು ಸಾಲಿನ ನಡುವೆ ಸೇರಿಸದೆ ಅಂಚಿನಲ್ಲಿ ಸೇರಿಸಿ.

ಮೂರನೆಯದು ಟೋಪಿ. 200 ಮೀಟರಿನ ಒಂದು ಉಂಡೆ, 5 ಮಿಲಿಮೀಟರಿನ ಕಡ್ಡಿ, 90 ಕುಣಿಕೆ. ಪ್ಯಾಟರ್ನಿನಲ್ಲಿ ಹೀಗಿರುತ್ತದೆ: ‘4ರ ಗುಣಕ + 2’, ಆಮೇಲೆ ‘ಸಾಲು 1: *ಕೆ2, ಪಿ2*, ಕೊನೆಗೆ ಕೆ2’. ಕೆ ಅಂದರೆ ನಿಟ್, ಪಿ ಅಂದರೆ ಪರ್ಲ್, ನಕ್ಷತ್ರಗಳ ನಡುವಿನದ್ದನ್ನು ಸಾಲಿನುದ್ದಕ್ಕೂ ಮತ್ತೆ ಮತ್ತೆ ಮಾಡುವುದು. ನಾಲ್ಕು ನಾಲ್ಕರ 22 ಗುಂಪು 88, ಮೇಲೆ 2 ಸೇರಿ 90. ಆ ಎರಡು ಏಕೆ? ಟೋಪಿಯನ್ನು ಚಪ್ಪಟೆಯಾಗಿ ಹೆಣೆದು ಕೊನೆಗೆ ಹಿಂದೆ ಹೊಲಿಯುವಾಗ ಎರಡೂ ಅಂಚಿನ ಒಂದೊಂದು ಕುಣಿಕೆ ಹೊಲಿಗೆಯೊಳಗೆ ಹೋಗುತ್ತದೆ. ಉಳಿದ ಎರಡು ಸೇರಿ ಮತ್ತೊಂದು ‘ಕೆ2’ ಆಗಿ ರಿಬ್ ತುಂಡಾಗದೆ ಸುತ್ತುತ್ತದೆ.

ಎರಡನೇ ಸಾಲು ‘*ಪಿ2, ಕೆ2*, ಕೊನೆಗೆ ಪಿ2’. ಮೊದಲ ಸಾಲನ್ನೇ ಮತ್ತೆ ಮಾಡಿದರೆ ನಿಟ್ ಮೇಲೆ ಪರ್ಲ್ ಮುಖ ಬಿದ್ದು ರಿಬ್ ಏಳುವುದೇ ಇಲ್ಲ, ಗಾರ್ಟರ್‌ನಂತೆ ಉಬ್ಬುಬ್ಬಾಗುತ್ತದೆ. ಸಾಲಿನ ನಂಬರು ಮರೆತರೆ ಕುಣಿಕೆಯ ಮುಖ ನೋಡಿ: ಕೆಳಗೆ ‘ವಿ’ ಕಂಡರೆ ನಿಟ್, ಕೊರಳಿಗೆ ಉಬ್ಬು ಸುತ್ತಿದ್ದರೆ ಪರ್ಲ್. ಇಷ್ಟು ಗುರುತು ಹಿಡಿಯಲು ಬಂದರೆ ಪ್ಯಾಟರ್ನ್ ಹಾಳೆ ಮಡಚಿಟ್ಟು ಹೆಣೆಯಬಹುದು.

21 ಸೆಂಟಿಮೀಟರ್ ಆದ ಮೇಲೆ ಒಂದು ಸಾಲು ಪೂರ್ತಿ ಎರಡೆರಡು ಕುಣಿಕೆ ಸೇರಿಸಿ ನಿಟ್ ಮಾಡಿ, 45 ಉಳಿಯುತ್ತವೆ. ಮುಂದಿನ ಸಾಲು ಎರಡೆರಡು ಸೇರಿಸಿ ಪರ್ಲ್, ಕೊನೆಯದು ಒಂಟಿ, 23. ನೂಲನ್ನು 50 ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ದಬ್ಬಣದಿಂದ 23 ಕುಣಿಕೆಯೊಳಗೂ ಪೋಣಿಸಿ, ಚೀಲದ ಬಾಯಿ ಕಟ್ಟುವಂತೆ ಬಿಗಿದು, ಅದೇ ನೂಲಿನಿಂದ ಹಿಂಭಾಗ ಹೊಲಿಯಿರಿ. ಹಾಕಿಕೊಂಡಾಗ ಹಣೆಯ ಮೇಲೆ ಗೆರೆ ಮೂಡಿದರೆ ಮೊದಲ 90 ಕುಣಿಕೆ ಏರಿಸಿದ್ದು ಬಿಗಿಯಾಯಿತೆಂದು ಅರ್ಥ. ಮುಂದಿನ ಸಲ ಕುಣಿಕೆ ಏರಿಸುವುದಕ್ಕೆ ಮಾತ್ರ 6 ಮಿಲಿಮೀಟರಿನ ಕಡ್ಡಿ ಬಳಸಿ.

ಕುಲಾವಿ ಆಮೇಲೆ

ಮನೆಗೆ ಮಗು ಬರುತ್ತದೆ ಎಂದ ಕೂಡಲೇ ಹಲವರು ಹೆಣಿಗೆ ಶುರುಮಾಡುವುದೇ ಕುಲಾವಿಯಿಂದ. ಪುಟ್ಟದು, ಬೇಗ ಆಗುತ್ತದೆ ಎಂಬ ಲೆಕ್ಕ. ಆದರೆ ಅದಕ್ಕೆ ತೆಳು ನೂಲು, ತೆಳು ಕಡ್ಡಿ, ಕುಣಿಕೆ ಇಳಿಸುವುದು, ಹೊಲಿಯುವುದು, ದಾರ ಹಾಕುವುದು, ಎಲ್ಲ ಒಟ್ಟಿಗೇ ಬೇಕು. ಟೋಪಿ ಒಂದಾದರೂ ಮುಗಿದಿರಲಿ.

ಅಳತೆಗೆ, ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್, ಮೂರು ತಿಂಗಳಿಗೆ 40ರ ಆಸುಪಾಸು. ಹೆಣೆದು ಮುಗಿಸುವಷ್ಟರಲ್ಲಿ ಮಗು ಬೆಳೆದಿರುತ್ತದೆ, ಆದ್ದರಿಂದ ಮೂರು ತಿಂಗಳ ಅಳತೆಯೇ ಜಾಣತನ. ಹತ್ತಿ ಅಥವಾ ಸೂಪರ್‌ವಾಶ್ ಮೆರಿನೋ ತೆಗೆದುಕೊಳ್ಳಿ. ರೋಮ ಏಳುವ ನೂಲು ಮಗುವಿನ ಬಾಯಿಗೆ ಹೋಗುತ್ತದೆ. ಕೊರಳಿಗೆ ಕಟ್ಟುವ ದಾರ ಗಿಡ್ಡವಿರಲಿ, ಮಲಗಿಸುವಾಗ ಕುಲಾವಿ ತೆಗೆದಿಡಿ. ಗೇಜ್ ನೋಡಲು ಹೆಣೆದ ತುಂಡನ್ನು ಬಿಸಾಡದೆ ಮಗುವಿನ ಬಟ್ಟೆಯ ಜೊತೆ ಎರಡು ಸಲ ಒಗೆಯಲು ಹಾಕಿ. ಬಣ್ಣ ಬಿಟ್ಟರೆ, ಕುಗ್ಗಿದರೆ, ಗಂಟು ಗಂಟಾದರೆ, ಗೊತ್ತಾಗುವುದು ಆ ತುಂಡಿನಲ್ಲೇ.